ಮೊಪೆಡ್ ಕಾರ್ಬ್ಯುರೇಟರ್: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬದಲಾವಣೆ ಮತ್ತು ಟ್ಯೂನಿಂಗ್

ಮೊಪೆಡ್ಡಿನ ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಸಿ ಕೊಡುವ ಉಪಕರಣ. ಅಂಗೈಯಲ್ಲಿ ಹಿಡಿಸುವ ಗಾತ್ರ; ಹಗುರ ಲೋಹದ ಅಚ್ಚಿನೊಳಗೆ ಒಂದು ಫ್ಲೋಟ್, ಒಂದು ಸ್ಲೈಡ್, ಅದಕ್ಕೆ ತೂಗುಬಿದ್ದ ನೀಡಲ್, ಒಂದೆರಡು ಹಿತ್ತಾಳೆ ಜೆಟ್, ಬದಿಯಲ್ಲಿ ಸ್ಕ್ರೂಗಳು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳಲ್ಲಿ ಮೊಪೆಡ್ ಎಂದರೆ ಮೊದಲಿಗೆ ಹೊರೆಯ ಗಾಡಿ. ಹಿಪ್ಪುನೇರಳೆ ಸೊಪ್ಪಿನ ಕಟ್ಟು, ರೇಷ್ಮೆಗೂಡಿನ ಚೀಲ, ಹಾಲಿನ ಕ್ಯಾನು, ಟೊಮೆಟೊ ಕ್ರೇಟು, ಹೂವಿನ ಮೂಟೆ, ಸೀಮೆಹಸುವಿನ ಮೇವು ಎಲ್ಲವೂ ಅದರ ಮೇಲೆ ಹೋಗುತ್ತವೆ. ಆದ್ದರಿಂದ ಇಲ್ಲಿ ಕಾರ್ಬ್ಯುರೇಟರ್ ಸರಿಯಿದೆಯೇ ಎಂಬುದನ್ನು ಹೊರೆ ಕಟ್ಟಿಕೊಂಡು ದಿಣ್ಣೆ ಹತ್ತುವಾಗ ನೋಡಬೇಕೇ ಹೊರತು ಖಾಲಿ ಗಾಡಿಯನ್ನು ಅಂಗಡಿ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಅಲ್ಲ. ಜೆಟ್ಟಿನ ನಂಬರು, ನೀಡಲಿನ ಎತ್ತರ, ಕಾರ್ಬ್ಯುರೇಟರಿನ ಗಾತ್ರ ಇವೆಲ್ಲದರ ಲೆಕ್ಕ ಹೊರೆಯಿಂದಲೇ ಶುರುವಾಗುತ್ತದೆ.

ಗಾಡಿಗಳು

ಸೈಕಲ್ಲಿಗೆ ಪುಟ್ಟ ಎಂಜಿನ್ ಕೂಡಿಸುವ ಯೋಚನೆ ಮೋಟಾರ್ ಸೈಕಲ್ಲಿನಷ್ಟೇ ಹಳೆಯದು. ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸ್, ಇಟಲಿಗಳಲ್ಲಿ ಪೆಡಲ್ ಇರುವ ಪುಟ್ಟ ಮೋಟಾರು ಗಾಡಿಗಳು ಜನರ ವಾಹನಗಳಾದವು. ಭಾರತಕ್ಕೂ ಅವು ಆ ದಾರಿಯಲ್ಲೇ ಬಂದವು. ಫ್ರಾನ್ಸಿನ ಮೊಟೊಬೆಕಾನ್ ಕಂಪನಿಯ ಸಹಯೋಗದಲ್ಲಿ ತಿರುಪತಿಯ ಮೊಪೆಡ್ಸ್ ಇಂಡಿಯಾ ಕಾರ್ಖಾನೆ ಸುವೇಗಾ ತಯಾರಿಸಿತು. 1972ರಲ್ಲಿ ಕೈನೆಟಿಕ್ ಎಂಜಿನಿಯರಿಂಗ್ ಕಂಪನಿ ಇಟಲಿಯ ಪಿಯಾಜಿಯೊ ಚಾವ್ ಮಾದರಿಯ ಮೇಲೆ ಲೂನಾ ತಂದಿತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಹೊರಬಂದಿತು. ಇಬ್ಬರು ಕೂರಬಹುದಾದ ಈ 50 ಸಿಸಿ ಮೊಪೆಡ್ ಹಳ್ಳಿಗಳ ಲೆಕ್ಕಾಚಾರವನ್ನೇ ಬದಲಿಸಿತು. ಹೊಸೂರು ಈ ಸೀಮೆಗೆ ಹತ್ತಿರ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸಾಗುವಷ್ಟೇ ದೂರ. ಮುಂದೆ ಬಂದ 69.9 ಸಿಸಿಯ ಟಿವಿಎಸ್ ಎಕ್ಸೆಲ್ ಸೂಪರ್ ಮತ್ತು ಅದರ ಹೆವಿ ಡ್ಯೂಟಿ ರೂಪ ಸುಮಾರು ಮೂರೂವರೆ ಅಶ್ವಶಕ್ತಿಯ ಎರಡು ಸ್ಟ್ರೋಕ್ ಗಾಡಿಗಳು. 2015ರಲ್ಲಿ ನಾಲ್ಕು ಸ್ಟ್ರೋಕಿನ 99.7 ಸಿಸಿಯ ಎಕ್ಸೆಲ್ 100 ಬಂದಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದಾಗ ಅದರ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಕೂತಿತು. ಹೀಗಾಗಿ ಇಲ್ಲಿ ಹೇಳುತ್ತಿರುವ ವಿಷಯ ಮುಖ್ಯವಾಗಿ ಹಳೆಯ ಎರಡು ಸ್ಟ್ರೋಕ್ ಟಿವಿಎಸ್, ಲೂನಾ, ಎಕ್ಸೆಲ್ ಸೂಪರ್‌ಗಳಿಗೂ 2020ಕ್ಕೆ ಮುಂಚಿನ ಎಕ್ಸೆಲ್ 100ಕ್ಕೂ ಸೇರಿದ್ದು. ಇಂಥ ಗಾಡಿಗಳು ಊರೂರಲ್ಲಿ ಇನ್ನೂ ಓಡುತ್ತಿವೆ.

ಸಾಮಾನ್ಯ ಸೈಕಲ್ಲಿಗೆ ಕೂಡಿಸಲು ಬಿಡಿಯಾಗಿ ಸಿಗುವ ಚೀನಾ ಎಂಜಿನ್ ಕಿಟ್ಟುಗಳದ್ದು ಬೇರೆಯೇ ವರ್ಗ. ಅವುಗಳ ಕಾರ್ಬ್ಯುರೇಟರ್ ಸಹ ಇದೇ ತತ್ವದ್ದು, ಟ್ಯೂನಿಂಗ್ ಸಹ ಇದೇ. ಆದರೆ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಿಂದ ಹೊರಗುಳಿಯುವುದು 25 ಸಿಸಿ ಮೀರದ ಎಂಜಿನ್ ಇರುವ, ನಾಲ್ಕಕ್ಕಿಂತ ಕಡಿಮೆ ಚಕ್ರದ ಗಾಡಿ ಮಾತ್ರ. ಕಿಟ್ಟುಗಳ ಎಂಜಿನ್ ಸಾಮಾನ್ಯವಾಗಿ ಅದರ ಎರಡರಷ್ಟೋ ಮೂರರಷ್ಟೋ ಇರುತ್ತದೆ. ನೋಂದಣಿ ಇಲ್ಲದೆ ಅಂಥದ್ದನ್ನು ರಸ್ತೆಗಿಳಿಸುವಂತಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ: ಸೈಕಲ್ಲಿನ ಬ್ರೇಕ್ ಮತ್ತು ಫೋರ್ಕು ಈ ವೇಗಕ್ಕೆಂದು ಮಾಡಿದವಲ್ಲ. ಅದರ ಮೇಲೆ ಹೊರೆಯನ್ನೂ ಕಟ್ಟುವುದು ಜೀವಕ್ಕೆ ಎರವಾಗುವ ಕೆಲಸ.

ಕೆಲಸ ಮಾಡುವ ಬಗೆ

ಕೊಳವೆ ಕಿರಿದಾದಲ್ಲಿ ಹರಿವಿನ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ ಎಂಬುದನ್ನು ಇಟಲಿಯ ವೆಂಚುರಿ 18ನೆಯ ಶತಮಾನದ ಕೊನೆಯಲ್ಲಿ ಪ್ರಯೋಗದಿಂದ ತೋರಿಸಿದ. ಪೆಟ್ರೋಲನ್ನು ಆವಿ ಮಾಡುವ ಬದಲು ಸಣ್ಣ ತೂತಿನಿಂದ ಚಿಮ್ಮಿಸಿ ಗಾಳಿಗೆ ಬೆರೆಸುವ ವಿಧಾನವನ್ನು 1890ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯಲ್ಲಿ ಮೇಬಾಕ್, ಹಂಗೆರಿಯಲ್ಲಿ ಬಾಂಕಿ ಮತ್ತು ಚೊಂಕಾ ರೂಪಿಸಿದರು. ಇಂದಿಗೂ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಮುಂದೆ ನಿಂತ ಎಕ್ಸೆಲ್ಲಿನಲ್ಲಿ ನಡೆಯುವುದು ಅದೇ ಕ್ರಿಯೆ. ಪಿಸ್ಟನ್ ಗಾಳಿಯನ್ನು ಎಳೆಯುತ್ತದೆ. ಕಿರಿದಾದ ಗಂಟಲಲ್ಲಿ ಒತ್ತಡ ಇಳಿಯುತ್ತದೆ. ಫ್ಲೋಟ್ ಬಟ್ಟಲಲ್ಲಿ ಹೊರಗಿನ ವಾಯುಭಾರವೇ ಇರುವುದರಿಂದ ಪೆಟ್ರೋಲು ಜೆಟ್ಟಿನ ಮೂಲಕ ಮೇಲೇರಿ ಗಾಳಿಯಲ್ಲಿ ಚದುರುತ್ತದೆ.

ಆಕ್ಸಿಲರೇಟರ್ ತಿರುವಿದಾಗ ಸ್ಲೈಡ್ ಮೇಲೆದ್ದು ಗಾಳಿಯ ದಾರಿ ಹಿಗ್ಗುತ್ತದೆ. ಅದರ ಜೊತೆಯಲ್ಲೇ ಮೊನಚಾದ ನೀಡಲ್ ಮೇಲೆದ್ದು ಪೆಟ್ರೋಲಿನ ದಾರಿಯೂ ಹಿಗ್ಗುತ್ತದೆ. ಸ್ಲೋನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಪೈಲಟ್ ಜೆಟ್ಟು ಮತ್ತು ಅದರ ಸ್ಕ್ರೂವಿನ ಕಾರುಬಾರು. ಸ್ಲೈಡ್ ಎಂಟನೆಯ ಒಂದು ಭಾಗ ತೆರೆದ ಮೇಲೆ ಕಾಲು ಭಾಗದವರೆಗೆ ಸ್ಲೈಡಿನ ಕೆಳಂಚಿನ ಓರೆಯಾಗಿ ಕತ್ತರಿಸಿದ ಭಾಗ ನಿರ್ಣಾಯಕ. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಅಲ್ಲಿಂದ ಪೂರ್ತಿ ತೆರೆಯುವವರೆಗೆ ಮೇನ್ ಜೆಟ್. ಇವುಗಳ ಗಡಿ ಒಂದರೊಳಗೊಂದು ಬೆರೆತಿದೆ. ಆದರೂ ದೋಷ ಎಲ್ಲಿದೆ ಎಂದು ಹುಡುಕಲು ಈ ಹಂಚಿಕೆಯಷ್ಟು ಉಪಯುಕ್ತವಾದದ್ದು ಇನ್ನೊಂದಿಲ್ಲ. ದಿಣ್ಣೆಯಲ್ಲಿ ಪೂರ್ತಿ ತಿರುವಿದಾಗ ಮಾತ್ರ ಗಾಡಿ ಎತ್ತದಿದ್ದರೆ ಸ್ಲೋ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಇಷ್ಟಾದರೂ ಮೊದಲು ಕೈ ಹೋಗುವುದು ಹೊರಗೆ ಕಾಣುವ ಆ ಸ್ಕ್ರೂವಿಗೇ.

ಸರಾಸರಿ ಪೆಟ್ರೋಲು ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಅದರ 14.7ರಷ್ಟು ಗಾಳಿ ಬೇಕು. ಹೆಚ್ಚಿನ ಶಕ್ತಿ ಹುಟ್ಟುವುದು ಸುಮಾರು 12.5ರಿಂದ 13ರಷ್ಟು ಗಾಳಿಯಿರುವ, ಮೆಕ್ಯಾನಿಕ್‌ಗಳು ರಿಚ್ ಎನ್ನುವ ಮಿಶ್ರಣದಲ್ಲಿ. 16ರ ಆಸುಪಾಸಿನ ಲೀನ್ ಮಿಶ್ರಣ ಸಮತಟ್ಟಿನಲ್ಲಿ, ಅರ್ಧ ಆಕ್ಸಿಲರೇಟರಿನಲ್ಲಿ ಮೈಲೇಜ್ ಕೊಡುತ್ತದೆ. ಅದೇ ಮಿಶ್ರಣವನ್ನು ಪೂರ್ತಿ ತೆರೆದ ಕಡೆಗೂ ಎಳೆದುಕೊಂಡು ಹೋದರೆ ಸಿಲಿಂಡರ್ ತಲೆ ಕಾದು ಕೆಂಪಾಗುವುದಷ್ಟೇ ಉಳಿದಿರುತ್ತದೆ.

ಎತ್ತರ, ಬಿಸಿಲು, ಎಥನಾಲ್

ನಾಲ್ಕೂ ಪಟ್ಟಣಗಳು ಒಂದೇ ಹೆದ್ದಾರಿಯಲ್ಲಿವೆ. ಹಿಂದೆ 234 ಎಂಬ ಸಂಖ್ಯೆಯಿದ್ದ, ಈಗ 69 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಮಧುಗಿರಿ ಕಡೆಯಿಂದ ಬಂದು ಗೌರಿಬಿದನೂರು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಮುಳಬಾಗಿಲಿನತ್ತ ಹೋಗುತ್ತದೆ. ಉತ್ತರ ಪಿನಾಕಿನಿಯ ಬಯಲಿನ ಗೌರಿಬಿದನೂರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದರೆ ಚಿಕ್ಕಬಳ್ಳಾಪುರ 900 ಮೀಟರ್ ಮೇಲಿದೆ. ಶಿಡ್ಲಘಟ್ಟ, ಚಿಂತಾಮಣಿಗಳು ಅದಕ್ಕಿಂತ ತುಸು ತಗ್ಗು. ಪಕ್ಕದ ನಂದಿಬೆಟ್ಟದ ತುದಿ 1,478 ಮೀಟರ್.

ಎತ್ತರ ಹೋದಂತೆ ಗಾಳಿ ತೆಳುವಾಗಿ ಮಿಶ್ರಣ ರಿಚ್ ಆಗುತ್ತದೆ, ಆದ್ದರಿಂದ ಜೆಟ್ ಚಿಕ್ಕದು ಮಾಡಬೇಕು ಎಂಬ ಮಾತು ವರ್ಕ್‌ಶಾಪುಗಳಲ್ಲಿ ಕೇಳಿಬರುತ್ತದೆ. ಮಾತು ನಿಜ, ಆದರೆ ಪ್ರಮಾಣ ತಿಳಿದಿರಬೇಕು. ಪ್ರಮಾಣಿತ ವಾಯುಮಂಡಲದ ಲೆಕ್ಕದಲ್ಲಿ 900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಶೇ 8ರಷ್ಟು ಕಡಿಮೆ. ಕಾರ್ಬ್ಯುರೇಟರ್‌ನಲ್ಲಿ ಮಿಶ್ರಣ ರಿಚ್ ಆಗುವುದು ಅದರ ವರ್ಗಮೂಲಕ್ಕೆ ತಕ್ಕಂತೆ, ಅಂದರೆ ಸುಮಾರು ಶೇ 4 ಮಾತ್ರ. ಅದನ್ನು ಸರಿಪಡಿಸಲು ಜೆಟ್ಟಿನ ತೂತಿನ ವ್ಯಾಸ ಶೇ 2ರಷ್ಟು ಕಿರಿದಾದರೆ ಸಾಕು: 70ರ ಜೆಟ್ಟಿಗೆ 68 ಅಥವಾ 69. ಬಿಸಿಲಿನ ಪರಿಣಾಮ ಇದಕ್ಕಿಂತ ಕಡಿಮೆಯದೇನಲ್ಲ. ಚಳಿಗಾಲದ ಮುಂಜಾನೆ 14 ಡಿಗ್ರಿಯಿರುವಾಗ ಚಿಕ್ಕಬಳ್ಳಾಪುರದ ಒಂದು ಘನ ಮೀಟರ್ ಗಾಳಿ ಸುಮಾರು 1.10 ಕಿಲೊ ತೂಗುತ್ತದೆ. ಬೇಸಿಗೆಯ ಮಧ್ಯಾಹ್ನ 38 ಡಿಗ್ರಿಯಿರುವಾಗ ಗೌರಿಬಿದನೂರಿನ ಗಾಳಿ 1.04 ಕಿಲೊ. ಇನ್ನೂರು ಮೀಟರ್ ತಗ್ಗಿನಲ್ಲಿದ್ದೂ ಅಲ್ಲಿನ ಗಾಳಿಯೇ ತೆಳು. ಈ ಸೀಮೆಯೊಳಗೆ ಊರಿಂದೂರಿಗೆ ಜೆಟ್ ಬದಲಿಸುವ ಅಗತ್ಯವಿಲ್ಲ. ಬೆಳಗಿನ ಮತ್ತು ಮಧ್ಯಾಹ್ನದ ವ್ಯತ್ಯಾಸವನ್ನು ತಾಳಿಕೊಳ್ಳುವಷ್ಟು ರಿಚ್ ಕಡೆಗೆ ವಾಲಿದ ಒಂದು ಜೆಟ್ ಬೇಕು.

ಎತ್ತರದ ಪರಿಣಾಮಕ್ಕೆ ಎದುರು ದಿಕ್ಕಿನ, ಅದಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಬಂಕಿನಿಂದ. ಪೆಟ್ರೋಲಿಗೆ ಶೇ 10 ಎಥನಾಲ್ ಬೆರೆಸುವ ಗುರಿಯನ್ನು ದೇಶ 2022ರ ಜೂನ್‌ನಲ್ಲಿ ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20ರ ಮಿಶ್ರಣದ ಮಾರಾಟಕ್ಕೆ ಚಾಲನೆ ಸಿಕ್ಕಿತು. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವ ಇಂಧನ. ಅದು ಉರಿಯಲು ತೂಕದ 9ರಷ್ಟು ಗಾಳಿ ಸಾಕು. ಶೇ 20 ಬೆರೆತಾಗ ಬೇಕಾಗುವ ಗಾಳಿ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಶುದ್ಧ ಪೆಟ್ರೋಲಿನ ಕಾಲದಲ್ಲಿ ಕೂರಿಸಿದ ಜೆಟ್ ಅದೇ ಅಳತೆಯ ಇಂಧನ ಕೊಡುತ್ತಿದ್ದರೆ ಮಿಶ್ರಣ ಶೇ 7-8ರಷ್ಟು ಲೀನ್ ಆದಂತೆ. ಎತ್ತರದಿಂದ ಬಂದ ಶೇ 4ರ ರಿಚ್ ಇದರ ಅರ್ಧವನ್ನು ತುಂಬಿಕೊಡುತ್ತದೆ, ಇನ್ನರ್ಧ ಉಳಿಯುತ್ತದೆ. ಹೊಸ ಇಂಜೆಕ್ಷನ್ ಗಾಡಿಯ ಕಂಪ್ಯೂಟರು ಇದನ್ನು ಸ್ವಲ್ಪಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಹಳೆಯ ಟಿವಿಎಸ್‌ನ ಹಿತ್ತಾಳೆ ಜೆಟ್ಟಿಗೆ ಆ ಬುದ್ಧಿಯಿಲ್ಲ, ಮನುಷ್ಯನೇ ಮಾಡಬೇಕು. ಬೆಟ್ಟದ ಸೀಮೆ ಎಂದು ಜೆಟ್ ಚಿಕ್ಕದು ಮಾಡುವ ಹಳೆಯ ಸಲಹೆ ಇಂದಿನ ಪೆಟ್ರೋಲಿಗೆ ಹೊಂದುವುದಿಲ್ಲ. ಕಂಪನಿ ಕೊಟ್ಟ ನಂಬರನ್ನೇ ಉಳಿಸುವುದು ಅಥವಾ ಒಂದು ಮೆಟ್ಟಿಲು ದೊಡ್ಡದಕ್ಕೆ ಹೋಗುವುದು ಕ್ಷೇಮ.

ಎಥನಾಲಿನಿಂದ ಇನ್ನೂ ಕೆಲವು ತೊಂದರೆ. ಅದು ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಫ್ಲೋಟ್ ಬಟ್ಟಲಲ್ಲಿ ನೀರು ಬೇರ್ಪಟ್ಟು ತಳದಲ್ಲಿ ಕೂರುತ್ತದೆ, ಲೋಹಕ್ಕೆ ಬಿಳಿಪುಡಿ ಹಿಡಿಯುತ್ತದೆ. ಹಳೆಯ ಕಾಲದ ರಬ್ಬರ್ ಓ-ರಿಂಗ್, ಪೈಪುಗಳು ಉಬ್ಬುತ್ತವೆ ಇಲ್ಲವೇ ಗಡುಸಾಗಿ ಬಿರಿಯುತ್ತವೆ. ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಗೋಂದೂ ಬಿಟ್ಟುಕೊಂಡು ಬಂದು ಜೆಟ್ಟಿಗೆ ಸಿಕ್ಕಿಕೊಳ್ಳುವುದುಂಟು.

ಎರಡು ಸ್ಟ್ರೋಕ್ ಮತ್ತು ಮೈಲೇಜಿನ ಆಸೆ

ಎರಡು ಸ್ಟ್ರೋಕ್ ಮೊಪೆಡ್ಡಿನ ಕ್ರ್ಯಾಂಕ್ ಕೋಣೆಯಲ್ಲಿ ಬೇರೆ ಎಂಜಿನ್ ಆಯಿಲ್ ಇರುವುದಿಲ್ಲ. ಪೆಟ್ರೋಲಿನ ಜೊತೆ ಬೆರೆಸಿದ ಟೂ-ಟಿ ಆಯಿಲೇ ಬೇರಿಂಗ್, ಪಿಸ್ಟನ್, ರಿಂಗುಗಳಿಗೆ ಸಿಗುವ ಏಕೈಕ ಜಿಡ್ಡು. ಲೀಟರಿಗೆ 20 ಮಿಲಿ ಎಂದರೆ ಐವತ್ತಕ್ಕೆ ಒಂದು. 4 ಲೀಟರಿನ ಟ್ಯಾಂಕಿಗೆ 80 ಮಿಲಿ. ಹೊಗೆ ಕಡಿಮೆಯಾಗಲಿ ಎಂದು ಆಯಿಲ್ ಇಳಿಸುವುದು ತಪ್ಪು ಎಂದು ಬಹುತೇಕ ಎಲ್ಲರಿಗೂ ಗೊತ್ತಿದೆ. ಆದರೆ ಜೆಟ್ ಚಿಕ್ಕದು ಮಾಡಿದರೆ ಆಯಿಲನ್ನೂ ಇಳಿಸಿದಂತೆ ಎಂಬುದು ಅಷ್ಟು ಗೊತ್ತಿರುವ ವಿಷಯವಲ್ಲ. ಪೆಟ್ರೋಲು ಶೇ 10 ಕಡಿಮೆ ಹೋದರೆ ಆಯಿಲೂ ಶೇ 10 ಕಡಿಮೆಯೇ ಹೋಗುತ್ತದೆ. ಒಳಬರುವ ಪೆಟ್ರೋಲು ಆವಿಯಾಗುತ್ತಾ ಪಿಸ್ಟನ್ನನ್ನು ತಂಪು ಮಾಡುತ್ತಿತ್ತು, ಅದೂ ಕಡಿಮೆಯಾಗುತ್ತದೆ. ಉರಿ ಮಾತ್ರ ಹೆಚ್ಚುತ್ತದೆ. ಜಿಡ್ಡು, ತಂಪು, ಉರಿ ಮೂರೂ ಒಟ್ಟಿಗೆ ಕೆಡುಕಿನ ಕಡೆಗೇ ವಾಲುತ್ತವೆ.

ಖಾಲಿ ಗಾಡಿಯಲ್ಲಿ ಇದು ತಿಳಿಯುವುದಿಲ್ಲ. ಬದಲಿಗೆ ಮೊದಮೊದಲು ಎಂಜಿನ್ ಚುರುಕಾದಂತೆ, ಶಬ್ದ ಸ್ಪಷ್ಟವಾದಂತೆ, ಮೈಲೇಜ್ ಏರಿದಂತೆ ಕಾಣುತ್ತದೆ. ಮಾಲೀಕನಿಗೆ ಸಂತೋಷವಾಗುತ್ತದೆ, ಮೆಕ್ಯಾನಿಕ್‌ಗೆ ಹೆಸರು ಬರುತ್ತದೆ. ಗಾಡಿ, ಸವಾರ, ಹೊರೆ ಸೇರಿ 250 ಕಿಲೊ ಇದ್ದಾಗ ಶೇ 5ರ ಏರಿನಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗ ಹಿಡಿಯಲು ಚಕ್ರದ ಹತ್ತಿರ ಸುಮಾರು 1.2 ಕಿಲೋವ್ಯಾಟ್, ಎಂದರೆ ಒಂದೂವರೆ ಅಶ್ವಶಕ್ತಿಗೂ ಹೆಚ್ಚು ಬೇಕು. ಮೂರೂವರೆ ಅಶ್ವಶಕ್ತಿಯ, ಎತ್ತರದಿಂದ ಒಂದಿಷ್ಟು ಕಳೆದುಕೊಂಡ, ಸವೆದ ರಿಂಗಿನ ಎಂಜಿನ್ನಿಗೆ ಇದು ನಿಮಿಷಗಟ್ಟಲೆ ಪೂರ್ತಿ ಆಕ್ಸಿಲರೇಟರಿನ ಕೆಲಸ. ವೇಗ ಕಡಿಮೆ, ಫಿನ್‌ಗಳಿಗೆ ತಾಗುವ ಗಾಳಿಯೂ ಕಡಿಮೆ. ಅಲ್ಲಿ ಪಿಸ್ಟನ್ ಸೀಜ್ ಆಗುತ್ತದೆ. ಒಂದು ಬೋರಿಂಗು, ಹೊಸ ಪಿಸ್ಟನ್ನು, ರಿಂಗು, ಗ್ಯಾಸ್ಕೆಟ್ಟುಗಳ ಖರ್ಚಿನ ಮುಂದೆ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಹೆಚ್ಚಿಗೆ ಸಿಕ್ಕಿದ್ದು ಲೆಕ್ಕಕ್ಕೇ ಇಲ್ಲ. ಗೂಡು ಬಿಡಿಸಿದ ದಿನ ಮಾರುಕಟ್ಟೆಗೆ ತಡವಾದರೆ ಆಗುವ ನಷ್ಟ ಬೇರೆ. ಮೈಲೇಜ್ ಬೇಕಾದವರು ಮೊದಲು ಟೈರಿನ ಗಾಳಿ, ಬಿಗಿಯಾಗಿ ಹಿಡಿದ ಬ್ರೇಕ್ ಲೈನಿಂಗು, ಚೈನು, ಕಾರ್ಬನ್ ಕಟ್ಟಿದ ಸೈಲೆನ್ಸರು ನೋಡಬೇಕು. ಉಳಿಸಬಹುದಾದ ಪೆಟ್ರೋಲು ಜೆಟ್ಟಿನಲ್ಲಿ ಇಲ್ಲ.

ದೊಡ್ಡ ಕಾರ್ಬ್ಯುರೇಟರ್ ಕೂರಿಸುವುದು

ಪಿಕಪ್ ಬೇಕೆಂದು ಬೈಕಿನ ಕಾರ್ಬ್ಯುರೇಟರ್ ತಂದು ಮೊಪೆಡ್ಡಿಗೆ ಕೂರಿಸುವವರಿದ್ದಾರೆ. ಇದರ ಫಲವನ್ನು ಸರಳ ಲೆಕ್ಕದಿಂದಲೇ ಊಹಿಸಬಹುದು. 70 ಸಿಸಿಯ ಎರಡು ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗ, ಸಿಲಿಂಡರ್ ಶೇ 70ರಷ್ಟು ತುಂಬುತ್ತದೆ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಸುಮಾರು 4 ಲೀಟರ್ ಗಾಳಿ ಎಳೆಯುತ್ತದೆ. 12 ಮಿಲಿಮೀಟರ್ ಗಂಟಲಿನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 35 ಮೀಟರ್. ಅಲ್ಲಿ ಹುಟ್ಟುವ ಎಳೆತ ಪೆಟ್ರೋಲನ್ನು 9 ಸೆಂಟಿಮೀಟರ್ ಮೇಲೆತ್ತಬಲ್ಲದು. ಗಂಟಲನ್ನು 16 ಮಿಲಿಮೀಟರ್ ಮಾಡಿದರೆ ವೇಗ 20 ಮೀಟರಿಗೆ, ಎತ್ತುವ ಶಕ್ತಿ 3 ಸೆಂಟಿಮೀಟರಿಗೆ ಇಳಿಯುತ್ತದೆ: ಮೂರನೆಯ ಒಂದು ಭಾಗ. ಇದು ಎಂಜಿನ್ ಪೂರ್ಣ ವೇಗದಲ್ಲಿದ್ದಾಗ. ಹೊರೆಯ ಗಾಡಿ ದಿಣ್ಣೆಯಲ್ಲಿ ಬಳಲಿ 2,000 ಸುತ್ತಿಗೆ ಇಳಿದು, ಸವಾರ ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದಿದ್ದರೆ, 12ರ ಗಂಟಲು ಪೆಟ್ರೋಲನ್ನು ಒಂದೂವರೆ ಸೆಂಟಿಮೀಟರ್ ಎತ್ತುತ್ತದೆ, 16ರದ್ದು ಅರ್ಧ ಸೆಂಟಿಮೀಟರ್. ಫ್ಲೋಟ್ ಬಟ್ಟಲಿನ ಪೆಟ್ರೋಲ್ ಮಟ್ಟಕ್ಕೂ ನಳಿಕೆಯ ಬಾಯಿಗೂ ಇರುವ ಅಂತರವೇ ಕೆಲವು ಮಿಲಿಮೀಟರ್. ಎಂಜಿನ್ ಗುಟುಕರಿಸಿ ನಿಲ್ಲುವುದು ಇದಕ್ಕೇ. ನಿಜವಾದ ಎಂಜಿನ್ನಿನಲ್ಲಿ ಗಾಳಿ ಬಡಿತ ಬಡಿತವಾಗಿ ಹರಿಯುವುದರಿಂದ ಅಂಕಿಗಳು ಇಷ್ಟೇ ಇರುವುದಿಲ್ಲ, ಆದರೆ ಎರಡು ಗಾತ್ರಗಳ ನಡುವಿನ ಅನುಪಾತ ಇದೇ.

ಈ ಕಾರಣಕ್ಕೆ ಹೊರೆಯ ಮೊಪೆಡ್ಡಿಗೆ ದೊಡ್ಡ ಬಾಯಿ ಒಳ್ಳೆಯದಲ್ಲ. ರೇಸಿನ ಎಂಜಿನ್ನಿಗೆ, ಸದಾ ಹೆಚ್ಚಿನ ಸುತ್ತಿನಲ್ಲಿ ಓಡುವುದಕ್ಕೆ, ಅದು ತಕ್ಕದ್ದು. ಎಕ್ಸೆಲ್ಲಿನ ಬಲವಿರುವುದು ಕಡಿಮೆ ಸುತ್ತಿನ ಎಳೆತದಲ್ಲಿ. ಸಿಲಿಂಡರಿನ ಪೋರ್ಟು, ಸೈಲೆನ್ಸರು, ಒಂದೇ ಗೇರು, ಸೆಂಟ್ರಿಫ್ಯೂಗಲ್ ಕ್ಲಚ್ಚು ಎಲ್ಲವೂ ಅದಕ್ಕೆಂದೇ ಮಾಡಿದವು. ಕಾರ್ಬ್ಯುರೇಟರ್ ಒಂದನ್ನು ಮಾತ್ರ ಬದಲಿಸಿದರೆ ಉಳಿದವು ಅದರ ಜೊತೆ ಬರುವುದಿಲ್ಲ.

ಹಾಗಾದರೆ ಬದಲಾಯಿಸಲೇಬಾರದೆ? ಬದಲಾಯಿಸಬೇಕಾದ ಸಂದರ್ಭ ಬೇಕಾದಷ್ಟಿದೆ. ಸ್ಲೈಡ್ ಮತ್ತು ಅದರ ಕೊಳವೆ ಸವೆದು ಅಲುಗಾಡುತ್ತಿದ್ದರೆ ಗಾಳಿ ಪಕ್ಕದಿಂದ ನುಗ್ಗುತ್ತದೆ, ಸ್ಲೋ ಯಾವತ್ತೂ ನಿಲ್ಲುವುದಿಲ್ಲ. ಎಷ್ಟು ಟ್ಯೂನ್ ಮಾಡಿದರೂ ವ್ಯರ್ಥ. ನೀಡಲ್ ಮತ್ತು ನೀಡಲ್ ಜೆಟ್ ಒಂದಕ್ಕೊಂದು ಉಜ್ಜಿ ಜೆಟ್ಟಿನ ತೂತು ಮೊಟ್ಟೆಯಾಕಾರ ತಾಳಿದ್ದರೆ ನಡುವಣ ವೇಗದಲ್ಲಿ ಪೆಟ್ರೋಲು ಸುರಿಯುತ್ತದೆ. ಅಂಥಲ್ಲಿ ಅದೇ ಗಾತ್ರದ ಹೊಸ ಕಾರ್ಬ್ಯುರೇಟರ್ ಹಾಕುವುದೇ ನಿಜವಾದ ಸುಧಾರಣೆ. ಜಪಾನಿನ ಮಿಕುನಿ ಸಹಯೋಗದಲ್ಲಿ ಆರಂಭವಾದ ಚೆನ್ನೈನ ಯುಕಾಲ್ ಮುಂತಾದ ತಯಾರಕರ ಅಸಲಿ ಮಾಲನ್ನೇ ಕೇಳಿ ತರಬೇಕು. ನಕಲಿ ಮಾಲಿನ ದೊಡ್ಡ ದೋಷ ಜೆಟ್ಟಿನ ತೂತಿನಲ್ಲಿರುತ್ತದೆ; ಮೇಲೆ 70 ಎಂದು ಕೆತ್ತಿದ್ದರೂ ಒಳಗೆ 70 ಇರುತ್ತದೆ ಎಂಬ ಭರವಸೆಯಿಲ್ಲ. ತೂತಿನ ವ್ಯಾಸದ ಲೆಕ್ಕದಲ್ಲಿ ನಂಬರು ಕೊಡುವ ಕಂಪನಿಗಳಲ್ಲಿ 70 ಎಂದರೆ 0.70 ಮಿಲಿಮೀಟರ್. ಅದು 75 ಆದರೆ ತೂತಿನ ವಿಸ್ತೀರ್ಣ ಶೇ 15 ಹೆಚ್ಚುತ್ತದೆ. ಹರಿವಿನ ಲೆಕ್ಕದಲ್ಲಿ ನಂಬರು ಕೊಡುವ ಜೆಟ್ಟುಗಳೂ ಇರುವುದರಿಂದ ಒಂದು ಕಂಪನಿಯ ನಂಬರನ್ನು ಇನ್ನೊಂದರದ್ದಕ್ಕೆ ಹೋಲಿಸಬಾರದು. ತಂತಿ ಅಥವಾ ಸೂಜಿ ತೂರಿಸಿ ಜೆಟ್ ಚೊಕ್ಕಟ ಮಾಡುವ ರೂಢಿಯನ್ನು ಕೂಡಲೇ ಬಿಡಬೇಕು. ಹಿತ್ತಾಳೆ ಮೆದು, ಒಂದು ಗೀರು ಬಿದ್ದರೂ ನಂಬರು ಸುಳ್ಳಾಗುತ್ತದೆ. ಪೆಟ್ರೋಲಲ್ಲಿ ನೆನೆಸಿ ಕಂಪ್ರೆಸರ್ ಗಾಳಿ ಊದಿದರೆ ಸಾಕು.

ಟ್ಯೂನಿಂಗ್ ಕ್ರಮ

ಕಾರ್ಬ್ಯುರೇಟರಿಗೆ ಕೈ ಹಾಕುವ ಮುಂಚೆ ಬೇರೆ ಕಡೆ ನೋಡುವುದಿದೆ. ಎರಡು ಸ್ಟ್ರೋಕಿನಲ್ಲಿ ಎಕ್ಸಾಸ್ಟ್ ಪೋರ್ಟಿನ, ಸೈಲೆನ್ಸರಿನ ಕಾರ್ಬನ್ ತೆಗೆದಿರಬೇಕು. ಪ್ಲಗ್ಗಿನ ಗ್ಯಾಪು 0.6ರಿಂದ 0.7 ಮಿಲಿಮೀಟರ್ ಇರಬೇಕು. ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ನಡುವಿನ ಪ್ಯಾಕಿಂಗು, ಕ್ರ್ಯಾಂಕಿನ ಆಯಿಲ್ ಸೀಲುಗಳಿಂದ ಗಾಳಿ ಒಳಗೆ ಸೇರುತ್ತಿರಬಾರದು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇದ್ದರೆ ಮೊದಲ ಸಂಶಯ ಆ ಸೀಲುಗಳ ಮೇಲೆ. ನಾಲ್ಕು ಸ್ಟ್ರೋಕಿನಲ್ಲಿ ವಾಲ್ವ್ ಕ್ಲಿಯರೆನ್ಸ್ ನೋಡಿರಬೇಕು.

ಇನ್ನೊಂದು ಏರ್ ಫಿಲ್ಟರ್. ಕೆಮ್ಮಣ್ಣಿನ ಧೂಳು, ಕಲ್ಲು ಕ್ವಾರಿ ಮತ್ತು ಕ್ರಷರುಗಳ ಪುಡಿ, ಟಿಪ್ಪರ್ ಓಡುವ ರಸ್ತೆಗಳ ಮಣ್ಣು ಈ ಜಿಲ್ಲೆಯ ಗಾಳಿಯಲ್ಲಿ ಎಂದಿಗೂ ಇದ್ದೇ ಇದೆ. ಫಿಲ್ಟರ್ ಕಟ್ಟಿಕೊಂಡರೆ ಮಿಶ್ರಣ ರಿಚ್ ಆಗಿ ಪ್ಲಗ್ ಕಪ್ಪಾಗುತ್ತದೆ. ಆಗ ಕೆಲವರು ಫಿಲ್ಟರ್ ಕಿತ್ತೇ ಹಾಕುತ್ತಾರೆ. ಗಾಡಿ ಹಗುರಾದಂತೆ ಅನಿಸುತ್ತದೆ, ಆದರೆ ಗ್ರಾನೈಟಿನ ಪುಡಿ ರಿಂಗು-ಬೋರುಗಳ ನಡುವೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಫೋಮಿನ ಫಿಲ್ಟರನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿ ತುಸು ಆಯಿಲ್ ಹಚ್ಚಿ ಹಿಂಡಿ ಕೂರಿಸಬೇಕು, ಕಾಗದದ್ದಾದರೆ ಬದಲಿಸಬೇಕು. ಜೆಟ್ಟಿನ ಪರೀಕ್ಷೆಯೆಲ್ಲ ಶುಚಿಯಾದ ಫಿಲ್ಟರ್ ಹಾಕಿದ ಮೇಲೆಯೇ.

ನಂತರ ಫ್ಲೋಟ್. ಕಡಿಮೆ ಸುತ್ತಿನಲ್ಲಿ ಎಂಜಿನ್ ಪೆಟ್ರೋಲನ್ನು ಎತ್ತಬಲ್ಲದ್ದೇ ಒಂದೂವರೆ ಸೆಂಟಿಮೀಟರ್ ಎಂದ ಮೇಲೆ ಮಟ್ಟ ಎರಡು ಮಿಲಿಮೀಟರ್ ಇಳಿದರೂ ದಿಣ್ಣೆಯಲ್ಲಿ ಅದರ ಪರಿಣಾಮ ಕಾಣುತ್ತದೆ. ಫ್ಲೋಟ್ ವಾಲ್ವಿನ ತುದಿ ಸವೆದಿದ್ದರೆ ಓವರ್‌ಫ್ಲೋ, ಕಸ ಕೂತಿದ್ದರೆ ಬಟ್ಟಲು ತುಂಬುವುದೇ ಇಲ್ಲ. ಪೆಟ್ರೋಲ್ ಕಾಕಿನ ಜಾಲರಿಯನ್ನೂ ಇದೇ ಸಮಯಕ್ಕೆ ತೊಳೆಯುವುದು ಒಳ್ಳೆಯದು.

ಎಂಜಿನ್ ಬಿಸಿಯಾದ ಮೇಲೆ ಸ್ಲೋ. ಸ್ಕ್ರೂ ಎಲ್ಲಿದೆ ಎಂದು ಮೊದಲು ನೋಡಬೇಕು. ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯನ್ನು ಅಳೆಯುವ ಸ್ಕ್ರೂ. ಬಿಗಿ ಮಾಡಿದರೆ ಮಿಶ್ರಣ ರಿಚ್. ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್ ಮಿಶ್ರಣವನ್ನೇ ಅಳೆಯುವುದು. ಬಿಗಿ ಮಾಡಿದರೆ ಲೀನ್. ಎರಡು ಸ್ಟ್ರೋಕಿನ ಕೈಪಳಗಿದವರು ನಾಲ್ಕು ಸ್ಟ್ರೋಕಿಗೆ ಬಂದಾಗ ಉಲ್ಟಾ ತಿರುವುವುದು ಇಲ್ಲಿಯೇ. ಮೃದುವಾಗಿ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಕಾಲುಕಾಲು ಸುತ್ತು ಆಚೀಚೆ ತಿರುವುತ್ತಾ ಎಂಜಿನ್ ಹೆಚ್ಚು ಸುತ್ತು ಹಿಡಿಯುವ ಜಾಗ ಹುಡುಕಬೇಕು. ಆಮೇಲೆ ಸ್ಲೈಡಿನ ಸ್ಕ್ರೂವಿನಿಂದ ಸುತ್ತು ಇಳಿಸಬೇಕು. ಮೊಪೆಡ್ಡಿನ ಕ್ಲಚ್ ಸುತ್ತು ಏರಿದಂತೆ ತಾನೇ ಹಿಡಿಯುವಂಥದ್ದಾದ್ದರಿಂದ ಸ್ಲೋ ಹೆಚ್ಚಿಟ್ಟರೆ ನಿಂತ ಗಾಡಿಯೂ ಮುಂದಕ್ಕೆ ತುಯ್ಯುತ್ತದೆ, ಕ್ಲಚ್ಚಿನ ಲೈನಿಂಗ್ ಸುಡುತ್ತದೆ. ಸಂತೆಬೀದಿಯ ಜನಸಂದಣಿಯಲ್ಲಿ ಅದು ಅಪಾಯವೂ ಹೌದು.

ನಡುವಣ ವೇಗಕ್ಕೆ ನೀಡಲಿನ ಕ್ಲಿಪ್. ನೀಡಲಿನ ತಲೆಯಲ್ಲಿ ಮೂರರಿಂದ ಐದು ಗೀರುಗಳಿರುತ್ತವೆ. ಕ್ಲಿಪ್ಪನ್ನು ಮೇಲಿನ ಗೀರಿಗೆ ಹಾಕಿದರೆ ನೀಡಲ್ ಕೆಳಗಿಳಿದು ಲೀನ್, ಕೆಳಗಿನ ಗೀರಿಗೆ ಹಾಕಿದರೆ ರಿಚ್. ಹೊರೆಯ ಗಾಡಿಗೆ ನಡುವಿನ ಗೀರಿನಿಂದ ಶುರುಮಾಡಿ, ಅರ್ಧ ತೆರೆದು ಸಣ್ಣ ಏರು ಹತ್ತಿಸಿ ನೋಡಬೇಕು. ಹಿಂಜರಿದು ನಂತರ ಏರಿದರೆ ಲೀನ್. ಮಂಕಾಗಿ, ಗುಡುಗುಡು ಎನ್ನುತ್ತಾ, ಹೊಗೆಯುಗುಳುತ್ತಾ ಏರಿದರೆ ರಿಚ್.

ಕೊನೆಗೆ ಮೇನ್ ಜೆಟ್, ಹೊರೆ ಕಟ್ಟಿಕೊಂಡು. ಈ ಪರೀಕ್ಷೆಗೆ ವಾಹನ ಸಂಚಾರವಿಲ್ಲದ ಉದ್ದನೆಯ ಏರು ಬೇಕು. ಸಾಮಾನ್ಯವಾಗಿ ಹೊರುವಷ್ಟೇ ತೂಕ ಹೇರಿ, ಪೂರ್ತಿ ತಿರುವಿ ಒಂದೆರಡು ನಿಮಿಷ ಹತ್ತಿಸಿ, ಸ್ಲೋಗೆ ಬರಗೊಡದೆ ಅಲ್ಲಿಯೇ ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡುವುದು ಹಳೆಯ ಕ್ರಮ. ಪಿಂಗಾಣಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಬೂದು ಬಿಳುಪಾಗಿ ಸುಟ್ಟಂತಿದ್ದರೆ ಜೆಟ್ ಚಿಕ್ಕದು. ಒದ್ದೆ ಕಪ್ಪಾಗಿದ್ದರೆ ದೊಡ್ಡದು. ಎಥನಾಲ್ ಬೆರೆತ ಪೆಟ್ರೋಲು ಮಸಿ ಕಡಿಮೆ ಕೂರಿಸುವುದರಿಂದ ಈಗ ಪ್ಲಗ್ ಹಿಂದಿಗಿಂತ ತಿಳಿಯಾಗಿ ಕಾಣುತ್ತದೆ. ಬಣ್ಣವೊಂದನ್ನೇ ನಂಬದೆ ಎಳೆತವನ್ನೂ ನೋಡಬೇಕು. ಎಂಜಿನ್ ತುಸು ಮಂಕಾಗುವವರೆಗೆ ದೊಡ್ಡ ಜೆಟ್ ಹಾಕುತ್ತಾ ಹೋಗಿ, ಅಲ್ಲಿಂದ ಒಂದೇ ಮೆಟ್ಟಿಲು ಕೆಳಗಿಳಿಯುವುದು ಸುರಕ್ಷಿತ. ಚಿಕ್ಕದರಿಂದ ಶುರುಮಾಡಿ ಮೇಲೆ ಬರುವ ದಾರಿಯಲ್ಲಿ ಪಿಸ್ಟನ್ ಕಳೆದುಕೊಳ್ಳುವ ಸಂಭವವಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನು ಬದಲಿಸಿದೆ ಎಂದು ಬರೆದಿಡಬೇಕು.

ಕಾಯ್ದೆ ಮತ್ತು ಹೊಗೆ ತಪಾಸಣೆ

ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಬೋರು ಹಿಗ್ಗಿಸಿ ಸಿಸಿ ಏರಿಸುವುದು, ಬೇರೆ ಎಂಜಿನ್ ಕೂರಿಸುವುದು ಇದರಡಿ ಬರುತ್ತವೆ. ಸವೆದ ಕಾರ್ಬ್ಯುರೇಟರ್ ಬದಲು ಅದೇ ಮಾದರಿಯದ್ದನ್ನು ಹಾಕುವುದು ರಿಪೇರಿ. ಹೊಗೆ ತಪಾಸಣೆ ನಡೆಯುವುದು ಸ್ಲೋನಲ್ಲಿ. 2000ದ ಮಾರ್ಚ್ ನಂತರ ತಯಾರಾದ ಹಳೆಯ ಎರಡು ಸ್ಟ್ರೋಕ್ ಗಾಡಿಗಳಿಗೆ ಇಂಗಾಲದ ಮೊನಾಕ್ಸೈಡ್ ಮಿತಿ ಶೇ 3.5. ಸ್ಲೋನಲ್ಲಿ ಮೇನ್ ಜೆಟ್ಟಿನ ಪಾತ್ರ ಬಹುತೇಕ ಇಲ್ಲ. ಆದ್ದರಿಂದ ತಪಾಸಣೆಯಲ್ಲಿ ಪಾಸಾಗಲೆಂದು ಮೇನ್ ಜೆಟ್ ಚಿಕ್ಕದು ಮಾಡಿ ಎಂಜಿನ್ ಹಾಳುಮಾಡಿಕೊಳ್ಳುವ ಅಗತ್ಯವೇ ಬರುವುದಿಲ್ಲ. ಪೈಲಟ್ ಸ್ಕ್ರೂ ಮತ್ತು ಶುಚಿಯಾದ ಫಿಲ್ಟರಿನಲ್ಲೇ ಕೆಲಸ ಮುಗಿಯುತ್ತದೆ.

ಕಾರ್ಬ್ಯುರೇಟರ್ ನಂತರ

2020ರ ನಂತರದ ಎಕ್ಸೆಲ್ 100ರಲ್ಲಿ ಸೆನ್ಸರುಗಳ ಮಾಹಿತಿಯ ಮೇಲೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಕಂಪ್ಯೂಟರು ತೀರ್ಮಾನಿಸುತ್ತದೆ. ಎತ್ತರ, ಉಷ್ಣತೆಗಳ ಲೆಕ್ಕ ಅದರದ್ದೇ. ತಿರುವಲು ಸ್ಕ್ರೂವಿಲ್ಲ, ಬದಲಿಸಲು ಜೆಟ್ಟಿಲ್ಲ. 2024ರ ಫೆಬ್ರವರಿಯಲ್ಲಿ ಕೈನೆಟಿಕ್ ಗ್ರೀನ್ ಲೂನಾ ಹೆಸರನ್ನೇ ವಿದ್ಯುತ್ ಮೊಪೆಡ್ಡಿಗೆ ಇಟ್ಟು ತಂದಿತು. ಊರಿನ ಮೆಕ್ಯಾನಿಕ್‌ಗಳಲ್ಲಿ ಕೆಲವರು ಸ್ಕ್ಯಾನರ್ ಕೊಂಡು ಹೊಸ ಕೆಲಸ ಕಲಿತಿದ್ದಾರೆ. ಜೆಟ್ಟಿನ ನಂಬರು ಬಲ್ಲ ಹಿರಿಯರ ಬಳಿ ಹಳೆಯ ಗಾಡಿಗಳು ಹೋಗುತ್ತಿವೆ. ಇಂಜೆಕ್ಷನ್ ಗಾಡಿಗೂ ನೀರು, ಧೂಳಿನ ಕಾಟ ತಪ್ಪಿದ್ದಲ್ಲ. ಟ್ಯಾಂಕಿನಲ್ಲಿ ನೀರು ಸೇರಿದರೆ ಇಂಜೆಕ್ಟರು, ಪಂಪು ಕೆಡುತ್ತವೆ, ಕ್ವಾರಿಯ ಧೂಳು ಫಿಲ್ಟರನ್ನು ಅದೇ ವೇಗದಲ್ಲಿ ಕಟ್ಟುತ್ತದೆ. ಅದರ ಪಂಪನ್ನು ಬಿಚ್ಚಿ ಪೆಟ್ರೋಲಲ್ಲಿ ನೆನೆಸಿ ಊದಿ ಕೂರಿಸಲು ಬರುವುದಿಲ್ಲ, ಹೊಸದನ್ನೇ ಹಾಕಬೇಕು. ಆದಕಾರಣ ದಿನವೂ ಹಾಲಿನ ಡೇರಿಗೆ, ಮಾರುಕಟ್ಟೆಗೆ ಓಡಾಡುವ ಮನೆಗಳು ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರನ್ನು, ಬೇಸಿಗೆಯಲ್ಲಿ ಏರ್ ಫಿಲ್ಟರನ್ನು ತಪ್ಪದೆ ನೋಡಿಕೊಳ್ಳಬೇಕು.